ಗೊಂಡೋಲಾದಲ್ಲಿ ಕಸ, ಷಾಂಪೇನಿನಲ್ಲಿ ಚಂದ್ರ

ಸ್ನೇಹಿತರೇ,

ನಾನು ಇಂದು ಮಾತನಾಡಲಿರುವ ಚಿತ್ರ ಆರಂಭವಾಗುವುದು ಒಂದು ಕಸದ ಡಬ್ಬಿಯಿಂದ. ರಾತ್ರಿ ಹೊತ್ತು, ಕತ್ತಲು ತುಂಬಿದ ಬಾಗಿಲೊಂದರ ಪಕ್ಕದಲ್ಲಿ ಡಬ್ಬಿ ಇದೆ. ಒಬ್ಬ ಆಳು ಬಂದು ಅದನ್ನೆತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ಒಳಗಿದ್ದುದನ್ನೆಲ್ಲ ಸುರಿಯುತ್ತಾನೆ. ಆತ ಸುರಿದದ್ದು ಗಾಡಿಗಲ್ಲ, ಗೊಂಡೋಲಾಕ್ಕೆ ಎಂಬುದು ಆಗ ಕಾಣುತ್ತದೆ. ಇದು ವೆನಿಸ್ ನಗರವೆಂಬುದು ಹೊಳೆಯುತ್ತದೆ. ಕಸ ತುಂಬಿದ ಆ ದೋಣಿಗೆ ಹುಟ್ಟು ಹಾಕುತ್ತಾ ಆತ ‘ಓ ಸೋಲೆ ಮಿಯೋ’ ಹಾಡನ್ನು ಎದೆ ತುಂಬಿ ಹಾಡಿಕೊಂಡು ಕಾಲುವೆಯ ಕತ್ತಲೆಯಲ್ಲಿ ಸರಿದುಹೋಗುತ್ತಾನೆ.

ಪ್ರೇಮಿಗಳ ಊರೆಂದು ಹೆಸರಾದ ಊರನ್ನು ಪರಿಚಯಿಸುವುದಕ್ಕೆ ನಿರ್ದೇಶಕ ಎರ್ನ್‌ಸ್ಟ್ ಲುಬಿಚ್ ಆರಿಸಿಕೊಂಡ ದಾರಿ ಇದು. ಪ್ಯಾರಾಮೌಂಟ್ ಸಂಸ್ಥೆಗಾಗಿ 1932ರಲ್ಲಿ ಅವನು ಮಾಡಿದ ‘ಟ್ರಬಲ್ ಇನ್ ಪ್ಯಾರಡೈಸ್’ ಕೇವಲ 83 ನಿಮಿಷಗಳ ಚಿತ್ರ. ನಮ್ಮಲ್ಲಿ ‘ನಯವಂಚಕ’ ಎಂಬ ಒಂದು ಒಳ್ಳೆಯ ಪದವಿದೆ. ಬೈಗುಳವಾಗಿಯೇ ಬಳಕೆಯಲ್ಲಿದ್ದರೂ ಅದರ ಮೊದಲ ಅರ್ಧದಲ್ಲಿ ಒಂದಿಷ್ಟು ಮೆಚ್ಚುಗೆ ಉಳಿದುಕೊಂಡಿದೆ. ಈ ಚಿತ್ರದ ನಾಯಕ ಗಾಸ್ಟನ್ ಮೊನೆಸ್ಕುವನ್ನು ಆ ಒಂದೇ ಪದದಲ್ಲಿ ಹೇಳಿ ಮುಗಿಸಬಹುದು. ಆದರೆ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಾ ಬಂದ ನನಗೆ ಕುತೂಹಲ ಹುಟ್ಟಿಸಿರುವುದು ಅವನ ವಂಚನೆಗಿಂತ ಅವನ ನಯ. ಆ ನಯ ಎಲ್ಲಿಂದ ಬಂತು, ಅದು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದರ ಸುತ್ತಲೇ ನನ್ನ ಇಂದಿನ ಮಾತು.

ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವೆನಿಸ್‌ನ ಹೋಟೆಲೊಂದರಲ್ಲಿ ಬ್ಯಾರನ್ ಎಂದು ಹೇಳಿಕೊಂಡ ಕಳ್ಳನಿಗೂ ಕೌಂಟೆಸ್ ಎಂದು ಹೇಳಿಕೊಂಡ ಕಳ್ಳಿ ಲಿಲಿಗೂ ಭೇಟಿಯಾಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕದಿಯುತ್ತಲೇ ಪ್ರೇಮಿಗಳಾಗುತ್ತಾರೆ. ಮುಂದೆ ಪ್ಯಾರಿಸ್‌ನಲ್ಲಿ, ಸುಗಂಧದ್ರವ್ಯ ತಯಾರಿಸುವ ‘ಕೋಲೆ’ (Colet) ಎಂಬ ಕಂಪನಿಯ ಒಡತಿಯಾದ ಮೇರಿಯೆಟ್ ಎಂಬ ಶ್ರೀಮಂತ ವಿಧವೆಯ ಕೈಚೀಲವನ್ನು ಗಾಸ್ಟನ್ ಕದಿಯುತ್ತಾನೆ, ಬಹುಮಾನದ ಆಸೆಗೆ ತಾನೇ ತಂದು ಒಪ್ಪಿಸುತ್ತಾನೆ, ಅವಳ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರುತ್ತಾನೆ, ಅವಳ ತಿಜೋರಿಯ ಮೇಲೆ ಕಣ್ಣಿಟ್ಟು ಕೊನೆಗೆ ಅವಳ ಮೇಲೂ ಮನಸ್ಸಿಡುತ್ತಾನೆ. ಇಷ್ಟೇ ಕಥೆ. ಇದಕ್ಕೆ ಮೂಲ ಲಾಸ್ಲೋ ಅಲಾದಾರ್ ಬರೆದ ಹಂಗೇರಿಯನ್ ನಾಟಕ. ಅದರ ಹೆಸರಿನ ಅರ್ಥ ‘ಕಂಡದ್ದನ್ನು ಮರಳಿಸುವ ಪ್ರಾಮಾಣಿಕ’ ಎಂದು. ಚಿತ್ರಕಥೆ ಬರೆದವನು ಲುಬಿಚ್‌ನ ಒಂಬತ್ತು ಚಿತ್ರಗಳಿಗೆ ಜೊತೆಗಾರನಾಗಿದ್ದ ಸ್ಯಾಮ್ಸನ್ ರಾಫೆಲ್ಸನ್. ಮೊನೆಸ್ಕು ಎಂಬ ಹೆಸರಿನ ಹಿಂದೆ ಜಾರ್ಜ್ ಮನೊಲೆಸ್ಕು ಎಂಬ ನಿಜವಾದ ಕಳ್ಳನ ನೆರಳಿದೆ. ರುಮೇನಿಯಾದವನಾದ ಆತ ಯುರೋಪಿನ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ರಾಜಕುಮಾರನಂತೆ ಇಳಿದುಕೊಂಡು ಕೋಣೆಗಳನ್ನು ದೋಚಿ, ಆಮೇಲೆ 1905ರಲ್ಲಿ ತನ್ನ ಆತ್ಮಕಥೆಯನ್ನೂ ಪ್ರಕಟಿಸಿದ. ಥಾಮಸ್ ಮಾನ್‌ನ ಫೆಲಿಕ್ಸ್ ಕ್ರುಲ್ ಎಂಬ ಠಕ್ಕನಿಗೂ ಅವನೇ ಸ್ಫೂರ್ತಿ.

ಮೊದಲ ಸಲ ಈ ಚಿತ್ರ ನೋಡಿದಾಗ ನಾನೂ ಮೋಸಹೋದೆ. ಕಸದ ದೋಣಿಯ ನಂತರ ನಾವು ಕಾಣುವುದು ಒಬ್ಬ ಮನುಷ್ಯ ಕತ್ತಲೆಯಲ್ಲಿ ಉಪ್ಪರಿಗೆಯಿಂದ ಇಳಿದು ಓಡುವುದನ್ನು, ಒಳಗೆ ಇನ್ನೊಬ್ಬ ಪ್ರಜ್ಞೆ ತಪ್ಪಿ ಬಿದ್ದಿರುವುದನ್ನು. ಕ್ಯಾಮೆರಾ ಇನ್ನೊಂದು ಉಪ್ಪರಿಗೆಗೆ ಬಂದಾಗ ಅಲ್ಲಿ ಶುಭ್ರವಾದ ಸಂಜೆಯುಡುಪಿನಲ್ಲಿ ಗಾಸ್ಟನ್ ನಿಂತಿದ್ದಾನೆ. ಅತಿಥಿಯೊಬ್ಬಳು ಬರಲಿದ್ದಾಳೆ, ಊಟಕ್ಕೆ ಏನೇನಿರಬೇಕೆಂದು ವೇಟರ್‌ಗೆ ಹೇಳುತ್ತಿದ್ದಾನೆ. ಷಾಂಪೇನಿನಲ್ಲಿ ಚಂದ್ರ ಕಾಣಬೇಕು ಎನ್ನುತ್ತಾನೆ. ವೇಟರ್ ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಎರಡು ಬಗೆಯ ತರಕಾರಿ ಬರೆದುಕೊಳ್ಳುವವನಂತೆ, ಪುಸ್ತಕದಲ್ಲಿ ‘ಷಾಂಪೇನಿನಲ್ಲಿ ಚಂದ್ರ’ ಎಂದು ಗುರುತು ಹಾಕಿಕೊಳ್ಳುತ್ತಾನೆ. ನೀನು ಮಾತ್ರ ನನ್ನ ಕಣ್ಣಿಗೆ ಕಾಣಲೇಬಾರದು ಎಂದರೆ ಅದಕ್ಕೂ ಆಗಲಿ ಎನ್ನುತ್ತಾನೆ. ಆ ಸಂಭಾಷಣೆಯ ಸೊಗಸಿಗೆ ಮನಸೋತ ನಾನು ಗಾಸ್ಟನ್‌ನ ಕೋಟಿಗೆ ಅಂಟಿಕೊಂಡಿದ್ದ ಒಂದು ಎಲೆಯನ್ನು ಗಮನಿಸಿರಲಿಲ್ಲ. ಎರಡನೆಯ ಸಲ ನೋಡಿದಾಗ ಎಲೆ ಕಂಡಿತು. ಕತ್ತಲೆಯಲ್ಲಿ ಮರದ ಪಕ್ಕ ಇಳಿದು ಓಡಿದವನು ಯಾರೆಂದು ಹೇಳುವುದಕ್ಕೆ ನಿರ್ದೇಶಕ ಕೊಟ್ಟ ಸಾಕ್ಷ್ಯ ಅದೊಂದೇ ಎಲೆ. ನಾನು ನೋಡಬೇಕಾದದ್ದನ್ನು ನನ್ನ ಕಣ್ಣೆದುರಿಗೇ ಇಟ್ಟು, ನಾನು ಬೇರೆಯದನ್ನು ನೋಡುವಂತೆ ಮಾತಿನಲ್ಲಿ ಕಟ್ಟಿಹಾಕಿದ್ದರು. ಜೇಬುಗಳ್ಳರು ಮಾಡುವುದು ಇದನ್ನೇ ಅಲ್ಲವೇ?

ಇನ್ನು ಆ ಊಟದ ಮೇಜಿಗೆ ಬರೋಣ. ಹಾಲಿವುಡ್ ತೆಗೆದ ಪ್ರಣಯದೃಶ್ಯಗಳಲ್ಲಿ ಇದರ ಸಮಕ್ಕೆ ನಿಲ್ಲುವಂಥವು ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ. ಲಿಲಿ, ಅಂದರೆ ಮಿರಿಯಂ ಹಾಪ್ಕಿನ್ಸ್, ಎದುರಿಗೆ ಕುಳಿತ ಬ್ಯಾರನ್‌ಗೆ ಅವನೊಬ್ಬ ಕಳ್ಳನೆಂದೂ, 253, 255, 257 ಮತ್ತು 259ನೆಯ ಕೋಣೆಗಳಲ್ಲಿ ಇಳಿದುಕೊಂಡಿರುವ ಮಹನೀಯನನ್ನು ದೋಚಿದವನು ಅವನೇ ಎಂದೂ ಹೇಳಿ, ಅದೇ ಉಸಿರಿನಲ್ಲಿ ಉಪ್ಪು ಕೊಡುವಿರಾ ಎಂದು ಕೇಳುತ್ತಾಳೆ. ಅವನು ಉಪ್ಪನ್ನು ಸರಿಸುತ್ತಾನೆ. ಒಂದೆರಡು ತುತ್ತಾದ ಮೇಲೆ, ನೀವೂ ಕಳ್ಳಿಯೇ, ನಾನು ದೋಚಿದ ಆ ಪರ್ಸು ಈಗ ನಿಮ್ಮ ಬಳಿಯಿದೆ, ನನ್ನ ಜೇಬಿನಿಂದ ನೀವು ಅದನ್ನು ತೆಗೆದಾಗ ನನಗೆ ಕಚಗುಳಿಯಾಯಿತು ಎನ್ನುತ್ತಾನೆ. ಎದ್ದು ಹೋಗಿ ಬಾಗಿಲಿಗೆ ಬೀಗ ಹಾಕುತ್ತಾನೆ, ಪರದೆ ಎಳೆಯುತ್ತಾನೆ, ಅವಳ ಭುಜ ಹಿಡಿದು ಗಡಗಡನೆ ಅಲುಗಿಸುತ್ತಾನೆ. ಪರ್ಸು ಕೆಳಗೆ ಬೀಳುತ್ತದೆ. ಅದನ್ನು ಎತ್ತಿಕೊಂಡು ಮತ್ತೆ ಬಂದು ಕುಳಿತು ಊಟ ಮುಂದುವರಿಸುತ್ತಾನೆ. ಅವಳ ಪಿನ್ನು ಅವನ ಬಳಿಯಿತ್ತು. ಅದರಲ್ಲೊಂದು ಒಳ್ಳೆಯ ಹರಳಿದೆ ಎಂದು ಮೆಚ್ಚಿ ಹಿಂದಿರುಗಿಸುತ್ತಾನೆ. ಅವನ ಗಡಿಯಾರ ಅವಳ ಬಳಿಯಿತ್ತು. ಐದು ನಿಮಿಷ ಹಿಂದಿತ್ತು, ಸರಿಮಾಡಿದ್ದೇನೆ ಎಂದು ಅವಳು ಕೊಡುತ್ತಾಳೆ. ಕೊನೆಗೆ, ನಿಮ್ಮ ಕಾಲುಪಟ್ಟಿಯನ್ನು ನಾನೇ ಇಟ್ಟುಕೊಂಡರೆ ಬೇಸರವಿಲ್ಲವಷ್ಟೇ ಎಂದು ಅವನು ಕೇಳಿದಾಗ ಅವಳು ಒಂದು ಕ್ಷಣ ತಡವರಿಸಿ, ಮುಟ್ಟಿ ನೋಡಿಕೊಂಡು, ಹಾರಿ ಬಂದು ಅವನ ಕೊರಳಿಗೆ ಬೀಳುತ್ತಾಳೆ.

ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಕಳ್ಳ ಶರ್ವಿಲಕ ಗೋಡೆಗೆ ಕನ್ನ ಹಾಕುವಾಗ ಅಳತೆಯ ದಾರಕ್ಕೆ ಬದಲು ಜನಿವಾರವನ್ನು ಬಳಸಿ, ಕನ್ನ ಯಾವ ಆಕಾರದಲ್ಲಿದ್ದರೆ ಚೆಂದವೆಂದು ಯೋಚಿಸುವುದನ್ನು ಓದಿ ನಕ್ಕವರಿಗೆ ಈ ಮೇಜಿನ ಮೇಲಿನ ವೃತ್ತಿಗೌರವ ಅಪರಿಚಿತವಲ್ಲ. ಆದರೆ ಶರ್ವಿಲಕನದು ಒಬ್ಬಂಟಿ ಕೆಲಸ. ಇಲ್ಲಿ ಇಬ್ಬರಿದ್ದಾರೆ, ಒಬ್ಬರ ಕಸುಬನ್ನು ಇನ್ನೊಬ್ಬರು ಬಲ್ಲರು. ಬ್ಯಾರನ್‌ಗಿರಿ, ಕೌಂಟೆಸ್‌ಗಿರಿಯೆಲ್ಲ ಕಳಚಿಬಿದ್ದ ಮೇಲೂ ಇಬ್ಬರಲ್ಲಿ ಒಬ್ಬರಾದರೂ ದನಿ ಏರಿಸುವುದಿಲ್ಲ, ಬಹುವಚನ ಬಿಡುವುದಿಲ್ಲ, ಚಮಚ ಕೆಳಗಿಡುವುದಿಲ್ಲ. ಸುಳ್ಳಿನ ಭಾಗವಾಗಿ ಕಲಿತ ಸೌಜನ್ಯ ಸುಳ್ಳು ಮುಗಿದ ಮೇಲೂ ಹಾಗೇ ಉಳಿದಿದೆ. ಅವರಿಬ್ಬರ ಬಳಿ ಕದಿಯದೆ ಸಂಪಾದಿಸಿದ ಆಸ್ತಿ ಅದೊಂದೇ ಎಂದು ನನಗೆ ಅನ್ನಿಸುತ್ತದೆ.

ಗಾಸ್ಟನ್ ಪಾತ್ರ ವಹಿಸಿದ ಹರ್ಬರ್ಟ್ ಮಾರ್ಷಲ್‌ನ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಅವನು ಒಂದು ಕಾಲು ಕಳೆದುಕೊಂಡಿದ್ದ; ಈ ಚಿತ್ರದಲ್ಲಿ ನಡೆದಾಡುವುದು ಕೃತಕ ಕಾಲಿನ ಮೇಲೆ. ಮೇರಿಯೆಟ್‌ಳ ಮನೆಯ ದೊಡ್ಡ ಮೆಟ್ಟಿಲಸಾಲನ್ನು ಗಾಸ್ಟನ್ ದಡದಡನೆ ಹತ್ತಿ ಇಳಿಯುವ ಕಡೆಯಲ್ಲೆಲ್ಲ ನಾವು ನೋಡುವುದು ಬೇರೊಬ್ಬನನ್ನು. ಇದು ಗೊತ್ತಾದ ಮೇಲೆ ಆ ನಡಿಗೆಯನ್ನು ಗಮನಿಸಿ ನೋಡಿದೆ: ಅವಸರವಿಲ್ಲದ, ಅಳೆದಿಟ್ಟ ಹೆಜ್ಜೆ, ಕೋಣೆಯೊಳಗೆ ಬರುವಾಗ ಬೆನ್ನು ನೆಟ್ಟಗೆ, ತಲೆ ತುಸು ಬಾಗಿ, ನಿಂತರೆ ನಿಂತಲ್ಲೇ ಹಾಯಾಗಿ ನಿಲ್ಲುವ ಭಂಗಿ. ನಾನು ಶ್ರೀಮಂತಿಕೆಯ ಠೀವಿ ಎಂದುಕೊಂಡಿದ್ದರಲ್ಲಿ ಒಂದು ಪಾಲು ಗಾಯವನ್ನು ಮರೆಮಾಚುವ ಶಿಸ್ತು. ಅದು ತಿಳಿದ ಮೇಲೆ ಆ ನಟನ ಮೇಲಿನ ನನ್ನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನನ್ನು ಎಲ್ಲೆಂದರಲ್ಲಿ ಎಳೆದು ತರುವ ಚಟ ನಮ್ಮ ಉಪನ್ಯಾಸಕರಿಗಿದೆ ಎಂದು ಗೊತ್ತಿದ್ದೂ ನಾನು ಅವನನ್ನು ಒಂದು ನಿಮಿಷ ಕರೆಯುತ್ತೇನೆ. ‘ಧ್ವನ್ಯಾಲೋಕ’ದಲ್ಲಿ ಅವನು ಎತ್ತಿಕೊಳ್ಳುವ ಒಂದು ಪ್ರಾಕೃತ ಪದ್ಯವಿದೆ. ಅಯ್ಯಾ ಧಾರ್ಮಿಕನೇ, ನಿಶ್ಚಿಂತೆಯಿಂದ ತಿರುಗಾಡು, ನಿನ್ನನ್ನು ಕಾಡುತ್ತಿದ್ದ ಆ ನಾಯಿಯನ್ನು ಗೋದಾವರಿ ದಂಡೆಯ ಪೊದೆಯಲ್ಲಿರುವ ಸಿಂಹ ಇಂದು ಕೊಂದುಹಾಕಿತು ಎಂದು ಒಬ್ಬಳು ಹೇಳುತ್ತಾಳೆ. ಬಾ ಎಂದು ಹೇಳುವ ಮಾತು ಬರಬೇಡ ಎಂದು ಧ್ವನಿಸುತ್ತದೆ. ಆ ಪೊದೆ ಅವಳು ತನ್ನ ನಲ್ಲನನ್ನು ಕಾಣುವ ಜಾಗ. ಧ್ವನಿಯ, ಅಂದರೆ ಸೂಚಿಸಿ ಹೇಳುವ ಅರ್ಥದ, ಶಾಸ್ತ್ರಕ್ಕೆ ಒದಗಿಬಂದ ಹೆಸರಾಂತ ಉದಾಹರಣೆಯೊಂದು ಸೌಜನ್ಯದ ಮೂಲಕ ನಡೆಯುವ ವಂಚನೆಯೇ ಆಗಿರುವುದು ಕಾಕತಾಳೀಯವಲ್ಲವೆಂದು ನಾನು ನಂಬಿದ್ದೇನೆ. ಲುಬಿಚ್ ಕೂಡ ಹೇಳಬೇಕಾದದ್ದನ್ನು ಎಂದೂ ನೇರವಾಗಿ ಹೇಳುವವನಲ್ಲ. ಗಾಸ್ಟನ್ ಮತ್ತು ಮೇರಿಯೆಟ್ ಜೊತೆಯಾಗಿ ಕಳೆದ ಒಂದು ಸಂಜೆಯನ್ನು ತೋರಿಸಬೇಕಾದಾಗ ಅವನು ಕ್ಯಾಮೆರಾವನ್ನು ಒಂದು ಗಡಿಯಾರದ ಮುಂದೆ ನಿಲ್ಲಿಸುತ್ತಾನೆ. ಐದು ಗಂಟೆ, ಮಾತುಗಳು ಕೇಳಿಸುತ್ತವೆ, ಮನುಷ್ಯರು ಕಾಣುವುದಿಲ್ಲ. ಮುಳ್ಳು ಮುಂದೆ ಸರಿಯುತ್ತದೆ, ಫೋನು ಬಾರಿಸಿ ಬಾರಿಸಿ ಸುಮ್ಮನಾಗುತ್ತದೆ, ರಾತ್ರಿಯಾಗುತ್ತದೆ. ಇನ್ನೊಂದೆಡೆ ಇಬ್ಬರ ಅಪ್ಪುಗೆಯ ನೆರಳು ಹಾಸಿಗೆಯ ಮೇಲೆ ಬೀಳುತ್ತದೆ, ಮನುಷ್ಯರು ಮಾತ್ರ ಹಾಸಿಗೆಯಿಂದ ದೂರ ನಿಂತಿರುತ್ತಾರೆ. ಉಳಿದದ್ದನ್ನು ಕಲ್ಪಿಸಿಕೊಂಡವರು ನಾವು. ಏನೂ ತೋರಿಸಿಲ್ಲವಲ್ಲ ಎಂದು ನಿರ್ದೇಶಕ ಕೈ ಝಾಡಿಸಿಕೊಂಡರೆ ನಾವು ತೋರಿಸುವುದಕ್ಕೆ ಸಾಕ್ಷ್ಯವಿಲ್ಲ.

ಬರ್ಲಿನ್‌ನ ಯಹೂದಿ ದರ್ಜಿಯೊಬ್ಬನ ಮಗನಾಗಿ 1892ರಲ್ಲಿ ಹುಟ್ಟಿ, ಮ್ಯಾಕ್ಸ್ ರೈನ್‌ಹಾರ್ಟ್‌ನ ರಂಗಶಾಲೆಯಲ್ಲಿ ನಟನಾಗಿ ಪಳಗಿ, 1922ರಲ್ಲಿ ಅಮೆರಿಕಕ್ಕೆ ಬಂದ ಲುಬಿಚ್‌ಗೆ ಬಟ್ಟೆಯ ಒಳಹೊಲಿಗೆಯ ಮಹತ್ವ ಗೊತ್ತಿದ್ದಿರಬೇಕು. ‘ಲುಬಿಚ್ ಸ್ಪರ್ಶ’ ಎಂಬ ಮಾತನ್ನು ವಿಮರ್ಶಕರು ಸವೆಯುವಷ್ಟು ಬಳಸಿದ್ದಾರೆ; ನಾನು ಅದನ್ನು ಮತ್ತಷ್ಟು ಸವೆಸಲಾರೆ. ಮುಂದೆ ದೊಡ್ಡ ನಿರ್ದೇಶಕನಾದ ಬಿಲ್ಲಿ ವೈಲ್ಡರ್ ತನ್ನ ಕಚೇರಿಯ ಗೋಡೆಗೆ, ಲುಬಿಚ್ ಆಗಿದ್ದರೆ ಇದನ್ನು ಹೇಗೆ ಮಾಡುತ್ತಿದ್ದ ಎಂಬ ಪ್ರಶ್ನೆಯನ್ನು ಬರೆಸಿ ತೂಗುಹಾಕಿದ್ದನೆಂಬುದನ್ನಷ್ಟೇ ನೆನೆದು ಮುಂದೆ ಹೋಗುತ್ತೇನೆ.

ಚಿತ್ರ ಬಂದ 1932 ಎಂಥ ವರ್ಷ ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿ ದುಡಿಯಬಲ್ಲವರ ಪೈಕಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅದೇ ಮಾರ್ಚ್‌ನಲ್ಲಿ ಸ್ವೀಡನ್ನಿನ ಬೆಂಕಿಪೊಟ್ಟಣದ ಸಾಮ್ರಾಟ ಐವಾರ್ ಕ್ರೂಗರ್ ಪ್ಯಾರಿಸ್‌ನಲ್ಲಿ ತೀರಿಕೊಂಡ. ದೇಶದೇಶಗಳ ಸರ್ಕಾರಗಳಿಗೇ ಸಾಲ ಕೊಡುತ್ತಿದ್ದ ಆ ಮಾನ್ಯನ ಲೆಕ್ಕಪುಸ್ತಕಗಳು ಭಾರೀ ಸುಳ್ಳುಗಳ ಕಂತೆಯೆಂಬುದು ಆಮೇಲೆ ಬಯಲಾಯಿತು. ಲುಬಿಚ್ ಅವನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ನಾನು ಹೇಳುತ್ತಿಲ್ಲ. ಚಿತ್ರಮಂದಿರಕ್ಕೆ ಬಂದವರು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿಯೇ ಬಂದಿದ್ದರು ಎಂದಷ್ಟೇ ಹೇಳುತ್ತೇನೆ.

ಈ ಹಿನ್ನೆಲೆಯಲ್ಲಿ ಮೇರಿಯೆಟ್‌ಳ ಮೊದಲ ದೃಶ್ಯವನ್ನು ನೋಡಿ. ಕಂಪನಿಯ ಆಡಳಿತ ಮಂಡಳಿಯ ಮುಖ್ಯಸ್ಥ ಜಿರೋ, ನಿಮ್ಮ ಯಜಮಾನರು ಬದುಕಿದ್ದರೆ ಇಂಥ ಕಾಲದಲ್ಲಿ ಮೊದಲು ಕಾರ್ಮಿಕರ ಸಂಬಳ ಕಡಿತ ಮಾಡುತ್ತಿದ್ದರು ಎಂದು ಸಲಹೆ ಕೊಡುತ್ತಾನೆ. ವ್ಯವಹಾರವೆಂದರೆ ತನಗೆ ತೀರ ಬೇಸರ, ಅದೂ ಅಲ್ಲದೆ ಊಟಕ್ಕೆ ಯಾರೋ ಕರೆದಿದ್ದಾರೆ, ಆದ್ದರಿಂದ ಸಂಬಳಗಳು ಇದ್ದಂತೆಯೇ ಇರಲಿ ಎಂದು ಮೇರಿಯೆಟ್ ಹೊರಟುಬಿಡುತ್ತಾಳೆ. ಸಾವಿರಾರು ಮನೆಗಳ ಅನ್ನ ಉಳಿದದ್ದು ಒಡತಿಯ ಕರುಣೆಯಿಂದಲ್ಲ, ಅವಳ ಆಲಸ್ಯದಿಂದ. ಅಲ್ಲಿಂದ ಅಂಗಡಿಗೆ ಹೋಗಿ, 3,000 ಫ್ರಾಂಕಿನ ಕೈಚೀಲ ತೀರ ದುಬಾರಿಯಾಯಿತೆಂದು ಬದಿಗಿಟ್ಟು, 1,25,000 ಫ್ರಾಂಕಿನ ಇನ್ನೊಂದನ್ನು ಚೆಂದವಾಗಿದೆ ಎಂದು ಕೊಳ್ಳುತ್ತಾಳೆ. ಕಳೆದುಹೋದ ಆ ಚೀಲಕ್ಕೆ 20,000 ಫ್ರಾಂಕು ಬಹುಮಾನವೆಂದು ಸಾರಿದಾಗ ಮನೆಯ ತುಂಬ ಚೀಲ ಹಿಡಿದ ಜನ. ಅವರಲ್ಲೊಬ್ಬ ಕ್ರಾಂತಿಕಾರಿ ಬಂದಿರುವುದು ಚೀಲ ಕೊಡುವುದಕ್ಕಲ್ಲ, ಇಂಥ ಕಾಲದಲ್ಲಿ ಇಷ್ಟು ಬೆಲೆಯ ಚೀಲ ಕೊಂಡವಳ ಮುಖಕ್ಕೆ ಥೂ ಎನ್ನುವುದಕ್ಕೆ. ಅವನನ್ನು ನೋಡಿ ನಾವು ನಗುತ್ತೇವೆ, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಮಾತು ಸೇರಿಸುತ್ತೇನೆ: ‘ಕೋಲೆ’ ಕಾರ್ಖಾನೆಯ ಕಾರ್ಮಿಕನೊಬ್ಬನ ಮುಖವೂ ಚಿತ್ರದಲ್ಲಿ ನೆನಪಿನಲ್ಲಿ ಉಳಿಯುವಂತೆ ಬರುವುದಿಲ್ಲ. ಏನನ್ನೂ ಸೂಚಿಸಿಯೇ ಮುಗಿಸುವ ಈ ಶೈಲಿಗೆ ಹಸಿವನ್ನು ಸೂಚಿಸುವುದು ಒಗ್ಗಲಿಲ್ಲ. ಇದನ್ನು ನಾನು ಕೊರತೆ ಎಂದೇ ಎಣಿಸುತ್ತೇನೆ.

ಜಿರೋ ಪಾತ್ರದ ಬಿಳಿಮೀಸೆಯ ಘನಗಂಭೀರ ನಟ ಸಿ. ಆಬ್ರಿ ಸ್ಮಿತ್. ಕ್ರಿಕೆಟ್ ಪ್ರಿಯರಿಗೆ ಒಂದು ಸ್ವಾರಸ್ಯ ಹೇಳುತ್ತೇನೆ: 1889ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಇಂಗ್ಲೆಂಡ್ ತಂಡದ ನಾಯಕನಾಗಿ ಒಂದೇ ಒಂದು ಟೆಸ್ಟ್ ಆಡಿದವನು ಇವನೇ, ಈ ಚಿತ್ರ ಬಂದ ವರ್ಷವೇ ಹಾಲಿವುಡ್‌ನಲ್ಲಿ ಕ್ರಿಕೆಟ್ ಕ್ಲಬ್ಬು ಕಟ್ಟಿದವನೂ ಇವನೇ. ಇಂಗ್ಲಿಷ್ ಸಭ್ಯತೆಯ ಮೂರ್ತಿಯಂತಿದ್ದ ಆ ಮುಖವನ್ನು ಲುಬಿಚ್ ಆರಿಸಿಕೊಂಡದ್ದು ಚಿತ್ರದ ಅತ್ಯಂತ ದೊಡ್ಡ ಕಳ್ಳನ ಪಾತ್ರಕ್ಕೆ. ಜಿರೋ ಕಂಪನಿಯಿಂದ ಹಲವು ವರ್ಷಗಳಿಂದ ಕದ್ದಿರುವುದು ಲಕ್ಷಗಟ್ಟಲೆ ಫ್ರಾಂಕು. ಗಾಸ್ಟನ್ ಯಾರೆಂಬುದನ್ನು ಪತ್ತೆಹಚ್ಚುವವನು ಅವನು. ಅವನ ಲೆಕ್ಕದ ತೂತುಗಳನ್ನು ಪತ್ತೆಹಚ್ಚುವವನು ಗಾಸ್ಟನ್. ಕಳ್ಳನಿಗೆ ಕಳ್ಳನ ಹೆಜ್ಜೆ ಕಾಣುತ್ತದೆ.

ಸತ್ಯ ಹೊರಬಿದ್ದಾಗ ಮೇರಿಯೆಟ್ ಮಾಡುವುದೇನು? ಮನೆತನಕ್ಕೆ ಹಳೆಯ ಸ್ನೇಹಿತನಾದ ಜಿರೋನನ್ನು ಪೊಲೀಸರಿಗೆ ಒಪ್ಪಿಸುವುದು ಹೇಗೆ ಎಂದು ಅವಳು ಹಿಂಜರಿಯುತ್ತಾಳೆ, ಹಗರಣವಾಗುತ್ತದೆ. ಆಗ ಗಾಸ್ಟನ್ ಚಿತ್ರದಲ್ಲಿ ಒಂದೇ ಒಂದು ಸಲ ಕಹಿಯಾಗಿ ಮಾತನಾಡುತ್ತಾನೆ: ಜೈಲಿನಿಂದ ಹೊರಗಿರಬೇಕಾದರೆ ಗಣ್ಯರ ಪಟ್ಟಿಯಲ್ಲಿ ಹೆಸರಿರಬೇಕು, ಕೆಳಗಿನಿಂದ ಆರಂಭಿಸಿ ಸ್ವಂತ ದುಡಿಮೆಯಿಂದ ಮೇಲೆ ಬಂದ ಕಳ್ಳನಾದರೆ ಪೊಲೀಸರನ್ನು ಕರೆಯಿರಿ, ಒಳಗೆ ಹಾಕಿರಿ ಎನ್ನುತ್ತೀರಿ ಎಂದು. ಸ್ವಪ್ರಯತ್ನದಿಂದ ಮೇಲೆ ಬಂದವನು ಎಂಬ ಅಮೆರಿಕದ ಆರಾಧ್ಯಮೂರ್ತಿಯನ್ನು ಕಳ್ಳನ ಬಾಯಲ್ಲಿ ಇಟ್ಟದ್ದು ದೊಡ್ಡ ಧೈರ್ಯ. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮೇರಿಯೆಟ್‌ಳ ಹಿಂಜರಿಕೆ. ಅವಳು ಕೆಟ್ಟವಳಲ್ಲ. ಅವಳು ಸಭ್ಯಳು, ಅಷ್ಟೆ. ಕೆಲವು ವಿಷಯಗಳನ್ನು ಆಡಬಾರದು ಎಂಬ ಶಿಕ್ಷಣ ಅವಳಿಗೆ ಸಿಕ್ಕಿದೆ. ಗಾಸ್ಟನ್ ಕಷ್ಟಪಟ್ಟು ಕಲಿತ ನಯ ಅವನನ್ನು ಅವಳ ಮನೆಯೊಳಕ್ಕೆ ಬಿಟ್ಟುಕೊಂಡಿತು. ಅದೇ ನಯ ಜಿರೋನನ್ನು ಜೈಲಿನಿಂದ ಉಳಿಸಿತು. ಕಸ ಎರಡೂ ದೋಣಿಯಲ್ಲಿದೆ. ಒಂದಕ್ಕೆ ಮಾತ್ರ ಅದು ಕಸವೆಂದು ಹೇಳಿಸಿಕೊಳ್ಳುವ ಗತಿ.

ಹಾಸ್ಯದ ಮಟ್ಟಿಗೆ ಇಡೀ ಚಿತ್ರ ಒಂದೇ ಸಮನಾಗಿದೆ ಎಂದು ನಾನು ಹೇಳುವುದಿಲ್ಲ. ಮೇರಿಯೆಟ್‌ಳನ್ನು ಮದುವೆಯಾಗಲು ಹವಣಿಸುವ ಫಿಲಿಬಾ ಮತ್ತು ಮೇಜರ್, ಅಂದರೆ ಎಡ್ವರ್ಡ್ ಎವರೆಟ್ ಹಾರ್ಟನ್ ಮತ್ತು ಚಾರ್ಲಿ ರಗಲ್ಸ್, ತಮ್ಮ ಜಗಳವನ್ನು ಕೆಲವೆಡೆ ಎಳೆಯುತ್ತಾರೆ. ವೆನಿಸ್‌ನಲ್ಲಿ ದೋಚಿಸಿಕೊಂಡವನು ಈ ಫಿಲಿಬಾನೇ; ಗಂಟಲಿನ ಟಾನ್ಸಿಲ್ ನೋಡಲು ಬಂದ ವೈದ್ಯನೆಂದು ಹೇಳಿಕೊಂಡು ಗಾಸ್ಟನ್ ಅವನಿಗೆ ಟೋಪಿ ಹಾಕಿದ್ದ. ಪ್ಯಾರಿಸ್‌ನಲ್ಲಿ ಕಾರ್ಯದರ್ಶಿಯ ಮುಖವನ್ನು ಎಲ್ಲಿ ನೋಡಿದ್ದೇನೆ ಎಂದು ತಲೆಕೆರೆದುಕೊಳ್ಳುತ್ತಿರುವ ಫಿಲಿಬಾನ ಕೈಯ ಸಿಗರೇಟು ಗೊಂಡೋಲಾ ಆಕಾರದ ಬೂದಿಬಟ್ಟಲಿನ ಮೇಲೆ ಬಂದು ನಿಂತಾಗ ಅವನ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡುವುದಿದೆಯಲ್ಲ, ಆ ಒಂದು ಕ್ಷಣಕ್ಕಾಗಿ ಉಳಿದ ಎಳೆದಾಟವನ್ನೆಲ್ಲ ಕ್ಷಮಿಸಬಹುದು.

ಚಿತ್ರದ ಮುಂದಿನ ಬಾಳು ಕೂಡ ಮರೆಮಾಚುವಿಕೆಯ ಕಥೆಯೇ. ಹಾಲಿವುಡ್ ತನಗೆ ತಾನೇ ಹಾಕಿಕೊಂಡ ನೀತಿಸಂಹಿತೆ 1930ರಲ್ಲೇ ಬಂದಿತ್ತಾದರೂ ಬಿಗಿಯಾಗಿ ಜಾರಿಗೆ ಬಂದದ್ದು 1934ರಲ್ಲಿ. ಅಪರಾಧಿಯ ಬಗ್ಗೆ ಪ್ರೇಕ್ಷಕರಿಗೆ ಮರುಕ ಹುಟ್ಟಬಾರದು ಎಂಬ ಆ ನಿಯಮದ ಮುಂದೆ, ಶಿಕ್ಷೆಯಿಲ್ಲದೆ, ಮದುವೆಯೂ ಇಲ್ಲದೆ ನಗುನಗುತ್ತಾ ಹೊರಟುಹೋಗುವ ಕಳ್ಳಜೋಡಿಗೆ ಜಾಗವೆಲ್ಲಿ? 1935ರಲ್ಲಿ ಪ್ಯಾರಾಮೌಂಟ್ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಲು ಅನುಮತಿ ಕೇಳಿದಾಗ ಸಿಗಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಡಬ್ಬಿಗಳಲ್ಲೇ ಉಳಿಯಿತು. 1947ರಲ್ಲಿ ತೀರಿಕೊಂಡ ಲುಬಿಚ್, ಅದೇ ವರ್ಷ ಬರೆದ ಪತ್ರವೊಂದರಲ್ಲಿ, ಶೈಲಿಯ ಮಟ್ಟಿಗೆ ತಾನು ಇದಕ್ಕಿಂತ ಚೆನ್ನಾಗಿ, ಇದರಷ್ಟೇ ಚೆನ್ನಾಗಿ ಕೂಡ, ಬೇರೇನನ್ನೂ ಮಾಡಿಲ್ಲ ಎಂದು ಹೇಳಿಕೊಂಡಿದ್ದಾನೆ. ಆಗ ಅದನ್ನು ನೋಡಬಯಸಿದ ಸಾಮಾನ್ಯ ಅಮೆರಿಕನ್ನನಿಗೆ ನೋಡುವ ದಾರಿಯಿರಲಿಲ್ಲ. 1991ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹದ ಪಟ್ಟಿಗೆ ಸೇರಿತು. ಗಾಸ್ಟನ್ ಹೇಳಿದ್ದು ನಿಜವಾಯಿತು ಎನ್ನಬೇಕು. ಕೊನೆಗೂ ಹೆಸರು ಗಣ್ಯರ ಪಟ್ಟಿಗೆ ಬಂತು.

ಇನ್ನು ಬೀಳ್ಕೊಡುಗೆ. ಗಾಸ್ಟನ್ ಹೋಗಲೇಬೇಕಾಗಿದೆ, ಪೊಲೀಸರು ಬರುತ್ತಾರೆ. ಕೇ ಫ್ರಾನ್ಸಿಸ್ ಮೇರಿಯೆಟ್‌ಳಾಗಿ ಬಾಗಿಲಲ್ಲಿ ನಿಂತಿದ್ದಾಳೆ. ನೀವು ಏನನ್ನು ಕಳೆದುಕೊಳ್ಳುತ್ತಿದ್ದೀರಿ ಗೊತ್ತೇ ಎಂದು ಅವನು ಕೇಳುತ್ತಾನೆ. ಅವಳು ಕನಸಿನಲ್ಲಿದ್ದವಳಂತೆ ತಲೆಯಾಡಿಸುತ್ತಾಳೆ. ಅದಲ್ಲ, ಕಳೆದುಕೊಳ್ಳುತ್ತಿರುವುದು ಇದನ್ನು ಎಂದು ಅವನು ಜೇಬಿನಿಂದ ಅವಳದೇ ಮುತ್ತಿನ ಸರವನ್ನು ತೆಗೆದು ತೋರಿಸಿ, ಇದು ಲಿಲಿಗೆ ನಿಮ್ಮ ಕಾಣಿಕೆ ಎನ್ನುತ್ತಾನೆ. ಅವಳು ನಗುತ್ತಾಳೆ, ಕೊಡುತ್ತಾಳೆ. ಮೊದಲು ನೋಡಿದಾಗ ನಾನೂ ನಕ್ಕಿದ್ದೆ. ಈಗ ನೋಡುವಾಗ ಅವಳ ಮುಖದ ಮೇಲೆಯೇ ಕಣ್ಣು ನಿಲ್ಲುತ್ತದೆ. ಜಿರೋ ದೋಚಿದ್ದು ಅವಳನ್ನು, ಗಾಸ್ಟನ್ ದೋಚಿದ್ದು ಅವಳನ್ನು, ಲಿಲಿ ತಿಜೋರಿಯಿಂದ ಎತ್ತಿಕೊಂಡದ್ದೂ ಅವಳದೇ 1,00,000 ಫ್ರಾಂಕನ್ನು. ಆದರೂ ಅತಿಥಿಯನ್ನು ಬಾಗಿಲವರೆಗೆ ಕಳಿಸಿಕೊಡುವ ರೀತಿಯಲ್ಲಿ ಅವಳು ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಲಿಲಿ ಮುಖ ತಿರುಗಿಸಿ ಕುಳಿತಿದ್ದಾಳೆ. ಅವಳನ್ನು ಒಲಿಸಿಕೊಳ್ಳಲೆಂದು ಗಾಸ್ಟನ್ ಮುತ್ತಿನ ಸರಕ್ಕಾಗಿ ಜೇಬಿಗೆ ಕೈ ಹಾಕುತ್ತಾನೆ, ಜೇಬು ಖಾಲಿ. ಸರ ಅದಾಗಲೇ ಅವಳ ಬಳಿ ಬಂದಾಗಿದೆ. ಅವಳು ಗೆಲುವಿನ ನಗೆಯಿಂದ, ತಾನು ಬಚ್ಚಿಟ್ಟುಕೊಂಡ ನೋಟಿನ ಕಂತೆಗಾಗಿ ತಡಕುತ್ತಾಳೆ. ಅದು ಅವನ ಬಳಿ.